ಪೆಡ್ಡರ್ ರೋಡಿನ ಏರು ಮತ್ತು ಉಳಿದ ತಾಪತ್ರಯಗಳು

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್‌ನಲ್ಲಿ 42.195 ಕಿ.ಮೀ. ಓಡಿ ಬಂದ ಓದುಗರ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ಬರೆದವರಲ್ಲಿ ಬಹುತೇಕರು ಓಟ ಮುಗಿಸಿದ್ದಾರೆ, ಆದರೆ ಅಂದುಕೊಂಡ ಹಾಗೆ ಅಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತರಬೇತಿಯಲ್ಲಿ 32 ಕಿ.ಮೀ. ಲಾಂಗ್ ರನ್ ಅನ್ನು ಕಿ.ಮೀ.ಗೆ 6:20ರ (6 ನಿಮಿಷ 20 ಸೆಕೆಂಡ್) ಪೇಸ್‌ನಲ್ಲಿ ಆರಾಮಾಗಿ ಮುಗಿಸಿದ್ದೆ. ಮುಂಬೈಯಲ್ಲೂ ಅದೇ ಪೇಸ್ ಹಿಡಿದೆ. ವಾಪಸ್ ಬರುವಾಗ ಹಾಜಿ ಅಲಿ ದಾಟಿ ಪೆಡ್ಡರ್ ರೋಡ್ ಏರು ಸಿಕ್ಕಿದ್ದೇ ಕಾಲು ಕಿತ್ತಿಡಲಾಗಲಿಲ್ಲ, ಅಲ್ಲಿಂದ ಮುಂದೆ ನಡಿಗೆಯೇ. ಏರು ಹತ್ತುವ ಅಭ್ಯಾಸ ಸಾಲದಾಯಿತೇ? — ಬೆಂಗಳೂರು

ಉತ್ತರ: ಏರಿನ ಮೇಲೆ ಗೂಬೆ ಕೂರಿಸಬೇಡಿ. ಅದೇ ಪೆಡ್ಡರ್ ರೋಡನ್ನು ಹೋಗುವಾಗ ಕತ್ತಲಲ್ಲಿ ಹತ್ತಿದ್ದಿರಿ, ಆಗ ಅದು ಏರು ಎಂಬುದೇ ಗೊತ್ತಾಗಿರಲಿಕ್ಕಿಲ್ಲ. ಚಾಮುಂಡಿ ಬೆಟ್ಟ ಹತ್ತುವವರ ಲೆಕ್ಕದಲ್ಲಿ ಅದೊಂದು ದಿಬ್ಬ ಅಷ್ಟೆ. ಎಷ್ಟೋ ವರ್ಷಗಳ ಹಾದಿಯಲ್ಲಿ ಅದು ಎರಡನೇ ಸಲ ಎದುರಾಗುವುದು 35ನೇ ಕಿ.ಮೀ. ಆಸುಪಾಸಿನಲ್ಲಿ. ನಿಮ್ಮ ಪೇಸ್‌ನವರು ಅಲ್ಲಿಗೆ ಬರುವಾಗ ಬೆಳಗಿನ ಎಂಟೂಮುಕ್ಕಾಲು ದಾಟಿರುತ್ತದೆ, ಸೂರ್ಯ ಹುಟ್ಟಿ ಒಂದೂವರೆ ಗಂಟೆಯಾಗಿರುತ್ತದೆ. ಸಾಲ ಮಾಡಿದ್ದು ಮೊದಲ 25 ಕಿ.ಮೀ.ನಲ್ಲಿ, ವಸೂಲಿಗೆ ಬಂದದ್ದು ಇಲ್ಲಿ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಜನವರಿಯ ಗಾಳಿ ತಂಪು, ಒಣ. ಅಲ್ಲಿ ಬೆವರು ಮೈಮೇಲೆ ಬಂದ ಕೂಡಲೇ ಆರುತ್ತದೆ, ಆರುತ್ತಲೇ ಮೈಯ ಶಾಖವನ್ನು ಒಯ್ಯುತ್ತದೆ. ಮುಂಬೈಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೊಣಕೈಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ನಷ್ಟವೇ ಹೊರತು ತಂಪು ಮಾಡುವುದಿಲ್ಲ. ಆಗ ದೇಹ ಹೆಚ್ಚು ರಕ್ತವನ್ನು ಚರ್ಮದ ಕಡೆ ಕಳಿಸಬೇಕು, ಕಾಲಿಗೂ ಕಡಿಮೆ ಮಾಡುವಂತಿಲ್ಲ. ಹೃದಯ ಬಡಿತ ಏರುತ್ತದೆ. ಅದೇ 6:20 ಓಡಲು ನಿಮಿಷಕ್ಕೆ ಹತ್ತು ಬಡಿತ ಹೆಚ್ಚು ಬೇಕಾಯಿತೆಂದರೆ ಅದು ಬೆಂಗಳೂರಿನ 6:00ಕ್ಕೋ 5:55ಕ್ಕೋ ಸಮ. ದೇಹ ಕೊಬ್ಬಿಗಿಂತ ಸಕ್ಕರೆಯನ್ನು ಬೇಗ ಬೇಗ ಸುಡುತ್ತದೆ, ದಾಸ್ತಾನು ಏರು ಬರುವ ಹೊತ್ತಿಗೆ ಖಾಲಿ.

ಹಾಗಾಗಿ ಮುಂದಿನ ಸಲ ಮೊದಲ 25 ಕಿ.ಮೀ. ನಿಮ್ಮ ಊರಿನ ಪೇಸ್‌ಗಿಂತ 15ರಿಂದ 20 ಸೆಕೆಂಡ್ ನಿಧಾನ ಓಡಿ. ಮರೀನ್ ಡ್ರೈವ್‌ನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆಯಲ್ಲಿ ಫೋಟೊ ತೆಗೆಯಲು ನಿಲ್ಲುವವರು ಒಂದೆರಡು ನಿಮಿಷ ಕಳೆದುಕೊಳ್ಳುತ್ತಾರೆ, ಅದೇನೂ ದೊಡ್ಡದಲ್ಲ. ಆ ಎರಡು ನಿಮಿಷ ತುಂಬಿಕೊಳ್ಳಲೆಂದು ಮುಂದಿನ ಎರಡು ಕಿ.ಮೀ. ಜೋರು ಓಡುತ್ತಾರಲ್ಲ, ಅದು ದುಬಾರಿ.

ಏರಿನಲ್ಲಿ ಪೇಸ್ ನೋಡುವುದನ್ನೇ ಬಿಡಿ, ಉಸಿರಾಟದ ಲಯ ಮಾತ್ರ ಕಾಯ್ದುಕೊಳ್ಳಿ. ಹೆಜ್ಜೆ ಚಿಕ್ಕದು, ಕೈ ಬೀಸು ಸ್ವಲ್ಪ ಹೆಚ್ಚು, ನೋಟ ಹತ್ತು ಮೀಟರ್ ಮುಂದೆ. ಕಿ.ಮೀ.ಗೆ 30–40 ಸೆಕೆಂಡ್ ನಿಧಾನವಾದರೆ ಸರಿಯಾಗಿಯೇ ಓಡುತ್ತಿದ್ದೀರಿ. ಇನ್ನೊಂದು ಪೆಟ್ಟು ಕೊಡುವುದು ಕೆಂಪ್ಸ್ ಕಾರ್ನರ್ ಕಡೆಯ ಇಳಿಜಾರು. ಅಲ್ಲಿ ಹಿಮ್ಮಡಿ ಊರಿ ಬ್ರೇಕ್ ಹಾಕುತ್ತ ಇಳಿದರೆ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಅದರ ಎಳೆಗಳಿಗೆ ಏಟು ಬೀಳುವುದು ಹಾಗೆ. ಮೈ ತುಸು ಮುಂದಕ್ಕೆ ಬಾಗಿಸಿ, ಪುಟ್ಟ ಪುಟ್ಟ ಹೆಜ್ಜೆ ಹಾಕಿ ಇಳಿಯಿರಿ.

ಅಭ್ಯಾಸದಲ್ಲಿ ಹೊಸ ಕಾಲಿನಿಂದ ಏರು ಹತ್ತಿದರೆ ಅರ್ಧ ಪ್ರಯೋಜನ. ಲಾಂಗ್ ರನ್‌ನ 26ನೇ ಕಿ.ಮೀ. ನಂತರ ಏರು ಬರುವಂತೆ ಹಾದಿ ಹಾಕಿಕೊಳ್ಳಿ, ಐದು ವಾರಕ್ಕೆ ಮೂರು ಸಲ ಸಾಕು.

ಬಿಸಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಓಟಕ್ಕೆ ಎರಡು ವಾರ ಮೊದಲಿಂದ ವಾರಕ್ಕೆ ನಾಲ್ಕೈದು ಓಟಗಳನ್ನು ನಸುಕಿನ ಬದಲು ಬೆಳಗ್ಗೆ ಹತ್ತೂವರೆಗೆ ಇಟ್ಟುಕೊಳ್ಳಿ, ಮೇಲೊಂದು ತೆಳು ಜಾಕೆಟ್ ಇರಲಿ. 45 ನಿಮಿಷ, ಮಾತಾಡಬಲ್ಲ ವೇಗ, ಅಷ್ಟೇ. ರಸ್ತೆಯಲ್ಲಿ ನೋಡಿದವರು ನಗುತ್ತಾರೆ.

ಪ್ರಶ್ನೆ: ನಾವು ಸೆಕೆಯಲ್ಲೇ ಹುಟ್ಟಿ ಬೆಳೆದವರು. ನಮಗೂ ಈ ಒಗ್ಗಿಸಿಕೊಳ್ಳುವ ಕಸರತ್ತು ಬೇಕೇ? — ಮಂಗಳೂರು

ಉತ್ತರ: ಬೇಡ. ಆದರೆ ಎಸಿ ಕೋಣೆಯ ಟ್ರೆಡ್‌ಮಿಲ್ ಮೇಲೆ ತರಬೇತಿ ಮಾಡಿದ್ದರೆ ನೀವೂ ಬೆಂಗಳೂರಿನವರೇ.

ಪ್ರಶ್ನೆ: ನಿರ್ಜಲೀಕರಣದ ಭಯದಿಂದ ಹಾದಿಯಲ್ಲಿ ಸಿಕ್ಕ ನೀರು ಕೊಡುವ ಪ್ರತಿ ಸ್ಟೇಷನ್‌ನಲ್ಲೂ ನೀರು ಕುಡಿದೆ. 30 ಕಿ.ಮೀ. ನಂತರ ಬೆರಳು ಊದಿ ಉಂಗುರ ಬಿಗಿಯಾಯಿತು, ತಲೆನೋವು, ವಾಕರಿಕೆ. ನೀರು ಇನ್ನೂ ಕಡಿಮೆಯಾಯಿತೇ? ಐದೂವರೆ ಗಂಟೆಯಲ್ಲಿ ಮುಗಿಸಿದೆ. — ಹುಬ್ಬಳ್ಳಿ

ಉತ್ತರ: ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ತುಂಬಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ನೀರು ಜೀವಕೋಶಗಳಿಗೆ ನುಗ್ಗುತ್ತದೆ. ಬೆರಳು ಊದುವುದು ಮೊದಲ ಸೂಚನೆ, ಮಿದುಳು ಊದಿಕೊಂಡರೆ ಪ್ರಾಣಕ್ಕೇ ಸಂಚಕಾರ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡ 488 ಓಟಗಾರರಲ್ಲಿ ಶೇ 13ರಷ್ಟು ಜನರ ಸೋಡಿಯಂ ಮಟ್ಟ ಇಳಿದಿತ್ತು. ಓಟದ ವೇಳೆ ತೂಕ ಹೆಚ್ಚಿಸಿಕೊಂಡವರಿಗೆ ಅಪಾಯ ಹೆಚ್ಚು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡುವವರಿಗೆ ಬೆವರುವುದು ಕಡಿಮೆ, ಕುಡಿಯಲು ಸಮಯ ಜಾಸ್ತಿ. ಅದಕ್ಕೇ ಇದು ನಿಧಾನದವರ ಕಾಯಿಲೆ.

ನಿಮ್ಮ ಲೆಕ್ಕ ನಿಮಗೆ ಗೊತ್ತಿರಬೇಕು. ಮೂತ್ರ ಮಾಡಿ, ಬಟ್ಟೆ ಬಿಚ್ಚಿ ತೂಕ ನೋಡಿ. ಓಟದ ದಿನದ ಪೇಸ್‌ನಲ್ಲಿ ಸರಿಯಾಗಿ ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. ಮೊದಲು 68 ಕೆ.ಜಿ., ನಂತರ 67.1, ನಡುವೆ ಕುಡಿದದ್ದು 300 ಮಿ.ಲೀ. ಎಂದಾದರೆ ಗಂಟೆಗೆ 1.2 ಲೀಟರ್ ಬೆವರು. ಇಷ್ಟನ್ನೂ ತುಂಬಬೇಕಿಲ್ಲ. ಓಟದ ಕೊನೆಗೆ ತೂಕ ಶೇ 2–3 ಇಳಿದಿದ್ದರೆ ಚಿಂತೆಯಿಲ್ಲ. ಈ ಲೆಕ್ಕದವರಿಗೆ ಗಂಟೆಗೆ 700–750 ಮಿ.ಲೀ. ಸಾಕು. ಗಂಟೆಗೆ 600 ಮಿ.ಲೀ. ಮಾತ್ರ ಬೆವರುವ ಸಣ್ಣ ಮೈಯವರು ಅಷ್ಟೇ ಕುಡಿದರೆ ತೊಂದರೆ ಅವರಿಗೇ. ಪರೀಕ್ಷೆಯನ್ನು ಸೆಕೆಯ ದಿನ ಮಾಡಿ, ಡಿಸೆಂಬರ್ ನಸುಕಿನಲ್ಲಿ ಮಾಡಿದರೆ ಅಂಕಿ ಸುಳ್ಳು ಹೇಳುತ್ತದೆ.

ನಿಮ್ಮ ಒಂದು ಗುಟುಕು ಎಷ್ಟೆಂದು ಮನೆಯಲ್ಲೇ ಅಳೆದುಕೊಳ್ಳಿ: ಹತ್ತು ಗುಟುಕು ನೀರನ್ನು ಲೋಟಕ್ಕೆ ಉಗುಳಿ, ಹತ್ತರಿಂದ ಭಾಗಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 30 ಮಿ.ಲೀ. ಆಸುಪಾಸು ಬರುತ್ತದೆ. ಸ್ಟೇಷನ್‌ನಲ್ಲಿ ಮೂರು ಗುಟುಕೋ ಐದೋ ಎಂದು ಎಣಿಸಿ ಕುಡಿದು ಉಳಿದದ್ದನ್ನು ಕತ್ತಿಗೆ ಸುರಿದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಲೀಟರಿಗೆ 20.5 ಗ್ರಾಂ ಪುಡಿ. ಪೊಟ್ಟಣವನ್ನು ಅರ್ಧ ಲೀಟರಿಗೆ ಕದಡಿ ಗಟ್ಟಿ ಮಾಡಬೇಡಿ, ಹೊಟ್ಟೆ ಕೆಡುತ್ತದೆ. ವಾಂತಿ, ತೊದಲು, ಗಲಿಬಿಲಿ ಇದ್ದರೆ ನೀರು ಕೊಡುವುದಲ್ಲ, ವೈದ್ಯಕೀಯ ಡೇರೆಗೆ ಕರೆದೊಯ್ಯಬೇಕು.

ಪ್ರಶ್ನೆ: ಓಟದ ನಡುವೆ ನುಂಗುವ ಸಕ್ಕರೆ ಜೆಲ್ ಬಾಯಿಗಿಟ್ಟರೆ ಓಕರಿಕೆ. ಬದಲಿಗೆ ಶೇಂಗಾ ಚಿಕ್ಕಿ, ಖರ್ಜೂರ ನಡೆಯುತ್ತದೆಯೇ? ಹಿಂದಿನ ದಿನ ಏನು ಉಣ್ಣಬೇಕು? — ದಾವಣಗೆರೆ

ಉತ್ತರ: ಚಿಕ್ಕಿ ಬೇಡ. ಅದರಲ್ಲಿ ಅರ್ಧದಷ್ಟು ಕಡಲೆಕಾಯಿ, ಕೊಬ್ಬು ಹೊಟ್ಟೆಯಲ್ಲೇ ಕೂರುತ್ತದೆ, ಏದುಸಿರಿನಲ್ಲಿ ಅಗಿದರೆ ಚೂರು ಗಂಟಲಿಗೆ ಸಿಕ್ಕುತ್ತದೆ. ಖರ್ಜೂರ ಪರವಾಗಿಲ್ಲ, ನಾಲ್ಕೈದು ಚಿಕ್ಕ ಖರ್ಜೂರ ಒಂದು ಜೆಲ್‌ಗೆ ಸಮ, ಆದರೆ ನಾರು ಇದೆ.

70 ಕೆ.ಜಿ. ತೂಕದವರು ಕಿ.ಮೀ.ಗೆ ಸುಮಾರು 70 ಕಿಲೋಕ್ಯಾಲರಿ ಸುಡುತ್ತಾರೆ, ಫುಲ್ ಮ್ಯಾರಥಾನ್‌ಗೆ 2,950 ಆಯಿತು. ಸ್ನಾಯು ಮತ್ತು ಯಕೃತ್ತಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನು 2,000ದ ಆಸುಪಾಸು. ಉಳಿದದ್ದಕ್ಕೆ ಕೊಬ್ಬು ಇದೆ, ಆದರೆ ಅದು ನಿಧಾನದ ಉರುವಲು. ಆದ್ದರಿಂದ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಒಳಗೆ ಹೋಗುತ್ತಿರಬೇಕು, ಸುಸ್ತಾದ ಮೇಲಲ್ಲ, 40ನೇ ನಿಮಿಷದಿಂದಲೇ.

ಬೆಲ್ಲದ ಪಾಕ ಮಾಡಿಕೊಳ್ಳಿ. 120 ಗ್ರಾಂ ಬೆಲ್ಲ, 80 ಮಿ.ಲೀ. ನೀರು, ಕಾಲು ಚಮಚ ಉಪ್ಪು, ಕೆಲವು ಹನಿ ನಿಂಬೆರಸ. ಬೆಲ್ಲ ಕರಗುವಷ್ಟು ಬಿಸಿ ಮಾಡಿ, ಎಳೆ ಪಾಕ ಬರಿಸಬೇಡಿ, ತಣಿದರೆ ಗಟ್ಟಿಯಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸುವುದನ್ನು ಮರೆತರೆ ಬೆಲ್ಲದ ಕಸ, ಮರಳು ಫ್ಲಾಸ್ಕಿನ ಮೂತಿಗೆ ಸಿಕ್ಕಿ ಓಡುತ್ತ ಹಿಂಡುವಾಗ ಬರುವುದೇ ಇಲ್ಲ. ಸುಮಾರು 150 ಮಿ.ಲೀ. ಆಗುತ್ತದೆ, ಮೆತ್ತನೆಯ ಪುಟ್ಟ ಫ್ಲಾಸ್ಕಿಗೆ ತುಂಬಿ. 30 ಮಿ.ಲೀ. ಗುಟುಕಿನಲ್ಲಿ 22 ಗ್ರಾಂ ಸಕ್ಕರೆ, ಅಂದರೆ ಒಂದು ಜೆಲ್. ಅರ್ಧ ಗಂಟೆಗೊಂದು ಗುಟುಕು, ಕೂಡಲೇ ನೀರು. ಒಂದು ಫ್ಲಾಸ್ಕ್ ಎರಡೂವರೆ ಗಂಟೆಗೆ, ನಾಲ್ಕೂವರೆ ಗಂಟೆ ಓಡುವವರಿಗೆ ಎರಡು ಬೇಕು. ನೀರು ಕುಡಿಯದೆ ಬರೀ ಪಾಕ ನುಂಗಿದರೆ ಹೊಟ್ಟೆ ಮುರಿಯುತ್ತದೆ. ಕನಿಷ್ಠ ನಾಲ್ಕು ಲಾಂಗ್ ರನ್‌ಗಳಲ್ಲಿ ಹೊಟ್ಟೆಗೆ ಇದನ್ನು ಅಭ್ಯಾಸ ಮಾಡಿಸಿದ ಮೇಲೆಯೇ ಓಟಕ್ಕೆ ಒಯ್ಯಿರಿ.

ಊಟದ ವಿಷಯ. ಹಿಂದಿನ ರಾತ್ರಿ ಹೊಟ್ಟೆ ಬಿರಿಯುವಂತೆ ತಿನ್ನುವುದು ಲೋಡಿಂಗ್ (ಓಟಕ್ಕೆ ಮೊದಲು ಸಕ್ಕರೆಯ ದಾಸ್ತಾನು ತುಂಬಿಕೊಳ್ಳುವುದು) ಅಲ್ಲ. ಶುಕ್ರವಾರ, ಶನಿವಾರ ಎರಡು ದಿನ ತೂಕದ ಕೆ.ಜಿ.ಗೆ 8 ಗ್ರಾಂ ಕಾರ್ಬೋಹೈಡ್ರೇಟ್. 65 ಕೆ.ಜಿ.ಯವರಿಗೆ 520 ಗ್ರಾಂ: ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಅಥವಾ ಇಡ್ಲಿ, ನಾಲ್ಕು ಬಾಳೆಹಣ್ಣು, 50 ಗ್ರಾಂ ಬೆಲ್ಲ, ಅರ್ಧ ಲೀಟರ್ ಹಣ್ಣಿನ ರಸ. ತೂಕ ಒಂದೆರಡು ಕೆ.ಜಿ. ಏರಿದರೆ ಗಾಬರಿ ಬೇಡ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ರಾಗಿಮುದ್ದೆ, ಜೋಳದ ರೊಟ್ಟಿ, ಕಾಳಿನ ಪಲ್ಯಕ್ಕೆ ಆ ಎರಡು ದಿನ ರಜೆ. ಅವುಗಳ ನಾರು ಭಾನುವಾರ ಬೆಳಗ್ಗೆ ಟಾಯ್ಲೆಟ್ ಸಾಲಿನಲ್ಲಿ ನಿಲ್ಲಿಸುತ್ತದೆ. ಶನಿವಾರ ಸಂಜೆ ಏಳರೊಳಗೆ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಕರಿದದ್ದು ಓಟದ ನಂತರ.

ಪ್ರಶ್ನೆ: ವಾಚಿನಲ್ಲಿ ಸರಾಸರಿ 6:22 ಬಂದರೂ ನಾಲ್ಕೂವರೆ ಗಂಟೆ ತಪ್ಪಿತು. ಒಟ್ಟು ದೂರ 42.7 ತೋರಿಸಿತು. ಹಾದಿ ಉದ್ದವಿತ್ತೇ? — ಮೈಸೂರು

ಉತ್ತರ: ಹಾದಿ ಸರಿಯೇ ಇರುತ್ತದೆ. ತಿರುವುಗಳ ಒಳ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ನೀವು ಜನರನ್ನು ಬಳಸಿ, ನೀರಿಗೆಂದು ಅಡ್ಡ ಸರಿದು ಓಡುತ್ತೀರಿ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ಅಲುಗಾಡುತ್ತದೆ. ನಾಲ್ಕೂವರೆಗೆ ಕಾಗದದ ಮೇಲೆ 6:24 ಸಾಕು, 42.7 ತೋರಿಸುವ ವಾಚಿನಲ್ಲಿ 6:19 ಬೇಕು. ವಾಚು ತಾನೇ ಕಿ.ಮೀ. ಎಣಿಸುವ ಆಟೊ ಲ್ಯಾಪ್ ಆಫ್ ಮಾಡಿ, ಕಿ.ಮೀ. ಫಲಕ ದಾಟುವಾಗ ಗುಂಡಿ ಒತ್ತಿ. 5, 10, 15ರ ಒಟ್ಟು ಸಮಯವನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವ ಹಳೇ ಪದ್ಧತಿ ಇನ್ನೂ ಒಳ್ಳೆಯದು, ಬಾಲ್ ಪೆನ್ ಮಾತ್ರ ಬೇಡ, ಬೆವರಿಗೆ ಅಳಿಸುತ್ತದೆ.

ಪ್ರಶ್ನೆ: ಓಟಕ್ಕೆ ಮೊದಲೇ ಒಂದು ನೋವಿನ ಮಾತ್ರೆ ನುಂಗಿದರೆ? — ಡೊಂಬಿವಲಿ

ಉತ್ತರ: ಬೇಡವೇ ಬೇಡ. ಓಡುವಾಗ ಮೂತ್ರಪಿಂಡಕ್ಕೆ ರಕ್ತ ಮೊದಲೇ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಅದನ್ನು ಇನ್ನೂ ಕುಗ್ಗಿಸುತ್ತವೆ. ಮಾತ್ರೆ ಇಲ್ಲದೆ ಶುರು ಮಾಡಲಾಗದ ಮೊಣಕಾಲಿದ್ದರೆ ಹಾಫ್ ಮ್ಯಾರಥಾನ್ ಓಡಿ, ಇಲ್ಲವೇ ಆ ವರ್ಷ ಬಿಡಿ.

ಪ್ರಶ್ನೆ: ಎರಡು ಹೆಬ್ಬೆರಳ ಉಗುರು ಕಪ್ಪಾಗಿವೆ, ಬ್ರಾದ ಪಟ್ಟಿ ಉಜ್ಜಿ ಗಾಯ. ಶೂ ಸರಿಯಿಲ್ಲವೇ? — ಬೆಳಗಾವಿ

ಉತ್ತರ: ಶೂ ಚಿಕ್ಕದಿರಬಹುದು. ಮೂರು ಗಂಟೆ ಓಡಿದ ಪಾದ ಊದಿರುತ್ತದೆ, ಆದ್ದರಿಂದ ಶೂ ಕೊಳ್ಳಲು ಸಂಜೆ ಹೋಗಿ, ಓಟದ ಕಾಲುಚೀಲವನ್ನೇ ಹಾಕಿಕೊಂಡು, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಬಿಟ್ಟು ಆರಿಸಿ. ತಲೆಗೆ ಸುರಿದ ನೀರು ಶೂ ಒಳಗೆ ಇಳಿದರೂ ಇದೇ ಗತಿ, ನೀರು ಸುರಿಯುವಾಗ ಸೊಂಟ ಬಾಗಿಸಿ ನಿಲ್ಲಿ. ಉಗುರನ್ನು ನಾಲ್ಕೈದು ದಿನ ಮೊದಲೇ ಕತ್ತರಿಸಿ. ಪಟ್ಟಿಯ ಕೆಳಗೆ, ತೊಡೆಯ ಒಳಬದಿಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿಯಿರಿ, ಹೊಸ ಬ್ರಾ ಅಂದು ತೊಡಬೇಡಿ. ಗಂಡಸರು ಮೊಲೆತೊಟ್ಟಿಗೆ ಟೇಪ್ ಅಂಟಿಸಲಿ, ಹತ್ತಿಯ ಟೀ ಶರ್ಟ್ ಮೇಲಿನ ಎರಡು ರಕ್ತದ ಗೆರೆ ಫಿನಿಷ್ ಫೋಟೊದಲ್ಲಿ ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಫಿನಿಷ್ ಗೆರೆ ದಾಟಿ ನಿಂತ ಕೂಡಲೇ ಕಣ್ಣು ಕತ್ತಲೆ ಬಂತು. ಅಂದೇ ರಾತ್ರಿ ರೈಲಿನಲ್ಲಿ ಊರಿಗೆ ಹೊರಡುವುದು ತಪ್ಪೇ? — ಕಲಬುರಗಿ

ಉತ್ತರ: ಓಡುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆಗೆ ಕೊರತೆ. ಪದಕ ಹಾಕಿಸಿಕೊಂಡು ಹತ್ತು ಹದಿನೈದು ನಿಮಿಷ ನಡೆಯುತ್ತಲೇ ಇರಿ. ಆದರೂ ತಲೆ ಸುತ್ತಿದರೆ ಮಲಗಿ ಕಾಲು ಎತ್ತರಕ್ಕಿಡಿ.

ರೈಲಿಗೆ ಅಡ್ಡಿಯಿಲ್ಲ, ಕೆಳಗಿನ ಬರ್ತ್ ಕಾಯ್ದಿರಿಸಿ. ಮೇಲಿನ ಬರ್ತ್‌ಗೆ ಹತ್ತುವುದು ಹೇಗೋ ಆಗುತ್ತದೆ, ನಡುರಾತ್ರಿ ಇಳಿಯುವುದು ಆಗುವುದಿಲ್ಲ. ಗಂಟೆಗೊಮ್ಮೆ ಎದ್ದು ನಡೆಯಿರಿ, ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ರಕ್ತ ಹೆಪ್ಪುಗಟ್ಟದಿರಲಿ. ತೊಡೆನೋವು ಎರಡನೇ ದಿನ ಜಾಸ್ತಿಯಾಗಿ ನಾಲ್ಕನೇ ದಿನಕ್ಕೆ ಇಳಿಯುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ಅದನ್ನು ಓಟದ ನೋವೆಂದು ತಿಕ್ಕಿಸಿಕೊಳ್ಳದೆ ಅದೇ ದಿನ ವೈದ್ಯರಿಗೆ ತೋರಿಸಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೂ ಹಾಗೆಯೇ.