ಬಜೆಟ್ ಕಡಿತವಾದಾಗ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಸೇವೆಯಲ್ಲಿ (ಕೃಷಿ ಜ್ಞಾನವನ್ನು ರೈತರಿಗೆ ತಲುಪಿಸುವ ಕೆಲಸದಲ್ಲಿ) ಮೊದಲು ಏನು ಬದಲಾಗುತ್ತದೆ?

ಮೊದಲು ಹೋಗುವುದು ಸ್ಥಳೀಯ ಹುದ್ದೆಗಳು. ಅಮೆರಿಕದ ಅಯೋವಾ ಇದಕ್ಕೆ ಸ್ಪಷ್ಟ ಉದಾಹರಣೆ. ರಾಜ್ಯದ ಅನುದಾನ ಕುಸಿದಾಗ, 2009ರಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯವು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಟ್ಟದ ವಿಸ್ತರಣಾ ನಿರ್ದೇಶಕರ ಹುದ್ದೆಗಳನ್ನು ರದ್ದುಪಡಿಸಿ, ಇಡೀ ರಾಜ್ಯವನ್ನು 20 ಪ್ರದೇಶಗಳಾಗಿ ವಿಂಗಡಿಸಿತು. 99 ಕೌಂಟಿಗಳ ಹೊಣೆ 20 ಪ್ರಾದೇಶಿಕ ನಿರ್ದೇಶಕರ ಹೆಗಲಿಗೆ ಬಿತ್ತು.

ಆದರೂ ಕೌಂಟಿ ಕಚೇರಿಗಳು ಉಳಿದವು. ಕಾರಣ ಹಣದ ಮೂಲ. ವಿಸ್ತರಣಾ ಸೇವೆಗೆ ಕೇಂದ್ರದ ನೆರವು ಒದಗಿಸಿದ 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಬೆಳೆದ ಈ ವ್ಯವಸ್ಥೆಗೆ ಕೇಂದ್ರ, ರಾಜ್ಯ, ಕೌಂಟಿ ಮೂರೂ ಹಣ ಕೊಡುತ್ತವೆ. ಅಯೋವಾದಲ್ಲಿ ಜನರೇ ಆರಿಸಿದ ವಿಸ್ತರಣಾ ಮಂಡಳಿಗಳು ಆಸ್ತಿ ತೆರಿಗೆಯಿಂದ ತಮ್ಮ ಪಾಲನ್ನು ಸಂಗ್ರಹಿಸುತ್ತವೆ. ರಾಜ್ಯ ಕೈ ಬಿಗಿಹಿಡಿದರೂ ಊರಿನ ಕಚೇರಿಗೆ ಬೀಗ ಬೀಳದಿರುವುದು ಇದರಿಂದಲೇ. ಇದು ಬಹಳ ದೊಡ್ಡ ಬಲ ಎಂದು ನಾನು ನಂಬುತ್ತೇನೆ.

ನಷ್ಟವೂ ಸಣ್ಣದಲ್ಲ. ಪ್ರಾದೇಶಿಕ ತಜ್ಞರಿಗೆ ಒಂದು ಬೆಳೆಯ ಆಳವಾದ ಜ್ಞಾನವಿರಬಹುದು; ಆದರೆ ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ, ಯಾವ ರೈತ ಸಾಲದಲ್ಲಿದ್ದಾನೆ ಎಂಬುದು ಊರಿನಲ್ಲೇ ವರ್ಷಗಟ್ಟಲೆ ಓಡಾಡಿದವರಿಗೆ ಮಾತ್ರ ಗೊತ್ತಿರುತ್ತದೆ.

ಇದೇ ಅಮೆರಿಕನ್ ಮಾದರಿಯಲ್ಲಿ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಆದರೆ ನಮ್ಮಲ್ಲಿ ಹಳ್ಳಿಗಳ ವಿಸ್ತರಣಾ ಕೆಲಸ ಬಹುಪಾಲು ರಾಜ್ಯ ಕೃಷಿ ಇಲಾಖೆಯ ಕೈಯಲ್ಲಿದೆ.