ಕರೆಂಟು ಹರಿಸಿ ನೀರಿಂದ ಹೈಡ್ರೋಜನ್ ತೆಗೆಯೋ ಕ್ಯಾಟಲಿಸ್ಟನ್ನ (ಕ್ರಿಯೆ ಬೇಗ ನಡೆಯೋ ಹಾಗೆ ಮಾಡೋ ವಸ್ತು) ನ್ಯಾನೋ ಸೈಜಲ್ಲೇ ಯಾಕೆ ಮಾಡ್ತಾರೆ?

ಚೂರು ಚಿಕ್ಕದಾದಷ್ಟೂ ಅದೇ ತೂಕಕ್ಕೆ ಜಾಸ್ತಿ ಸರ್ಫೇಸ್ ಸಿಗುತ್ತೆ ಅಂತ ಎಲ್ರೂ ಹೇಳ್ತಾರೆ, ನಿಜಾನೇ, ಆದ್ರೆ ಅದು ಅರ್ಧ ಉತ್ತರ ಅಷ್ಟೇ. ಅಸಲಿ ವಿಷಯ ಹೈಡ್ರೋಜನ್ ಪರಮಾಣು ಕ್ಯಾಟಲಿಸ್ಟ್ ಮೇಲೆ ಎಷ್ಟು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ ಅನ್ನೋದು. ಸಡಿಲ ಆದ್ರೆ ಅಲ್ಲಿ ನಿಲ್ಲೋದೇ ಇಲ್ಲ, ತೀರಾ ಗಟ್ಟಿ ಆದ್ರೆ ಇನ್ನೊಂದರ ಜೊತೆ ಸೇರಿ ಗ್ಯಾಸಾಗಿ ಹೊರಗೆ ಬರೋದಿಲ್ಲ. ಪ್ಲಾಟಿನಂ ಹತ್ರಹತ್ರ ಸರಿಯಾಗಿದೆ, ರೇಟೇ ಕಷ್ಟ.

ಇದಕ್ಕೆ ಒಳ್ಳೆ ಉದಾಹರಣೆ ಮಾಲಿಬ್ಡಿನಂ ಡೈಸಲ್ಫೈಡ್, ಗ್ರೀಸಿಗೆ ಹಾಕೋ ಕಪ್ಪು ಪುಡಿ. ಪದರ ಪದರವಾಗಿರುತ್ತೆ, ಪದರದ ಅಗಲವಾದ ಮೈ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತೆ, ಹೈಡ್ರೋಜನ್ ಹದವಾಗಿ ಅಂಟ್ಕೊಂಡು ಕೆಲಸ ನಡೆಯೋದು ಅಂಚಲ್ಲಿರೋ ಪರಮಾಣುಗಳಲ್ಲಿ. 2005ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಇದನ್ನ ಹೇಳಿದ್ರು, 2007ರಲ್ಲಿ ಅಲ್ಲಿನವರೇ ಚಿನ್ನದ ಮೇಲೆ ಇದರ ನ್ಯಾನೋ ಚೂರುಗಳನ್ನ ಬೆಳೆಸಿ ಮೈಕ್ರೋಸ್ಕೋಪಲ್ಲಿ ಅಳೆದು ನೋಡಿದ್ರೆ ಆಕ್ಟಿವಿಟಿ ಅಂಚಿನ ಉದ್ದಕ್ಕೆ ತಕ್ಕಂಗೆ ಏರ್ತಿತ್ತು, ಏರಿಯಾಗೆ ಅಲ್ಲ! ಎಷ್ಟು ಚೆನ್ನಾಗಿದೆ ನೋಡಿ ಈ ಪ್ರಯೋಗ.

ಚೂರು ಚಿಕ್ಕದಾದಷ್ಟೂ ಅದೇ ತೂಕಕ್ಕೆ ಅಂಚೂ ಜಾಸ್ತಿ, ಹಂಗಾಗಿ ಡಿಸೈನ್ ಅಂದ್ರೆ ಇಲ್ಲಿ ಅಂಚು ಜಾಸ್ತಿ ಮಾಡೋದು, ಪದರಗಳನ್ನ ನೆಟ್ಟಗೆ ನಿಲ್ಲೋ ಥರ ಬೆಳೆಸ್ತಾರೆ, ಸುಮ್ನೆ ಕೂತಿರೋ ಮೈಯೂ ಕೆಲಸ ಮಾಡ್ಲಿ ಅಂತ ಅದರಲ್ಲಿ ಅಲ್ಲಲ್ಲಿ ಗಂಧಕದ ಪರಮಾಣು ಕಿತ್ತು ಖಾಲಿ ಜಾಗ ಮಾಡ್ತಾರೆ, ಕರೆಂಟು ಸಲೀಸಾಗಿ ಹರೀಲಿ ಅಂತ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮೇಲೆ ಕೂರಿಸ್ತಾರೆ.

ಒಂದು ಮಾತ್ರ ನೆನಪಿರ್ಲಿ, ನೀರು ಒಡೆಯೋಕೆ ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು, ಅದಕ್ಕಿಂತ ಮೇಲೆ ಕೊಡಬೇಕಾಗೋದ್ರಲ್ಲಿ ದೊಡ್ಡ ಪಾಲು ತಿನ್ನೋದು ಆಕ್ಸಿಜನ್ ಹೊರಬರೋ ಇನ್ನೊಂದು ಎಲೆಕ್ಟ್ರೋಡ್ ಕಡೆ. ಅಲ್ಲಿ ಆಸಿಡ್ ಇದ್ರೆ ಈಗ್ಲೂ ಇರಿಡಿಯಂ ಅನ್ನೋ ದುಬಾರಿ ಲೋಹ ಬೇಕು, ಕ್ಷಾರ ಆದ್ರೆ ನಿಕ್ಕಲ್-ಕಬ್ಬಿಣದಲ್ಲೇ ಕೆಲಸ ನಡೆಯುತ್ತೆ.