ಕಪ್ಪು ಮೂರರಿಂದ ಹುಟ್ಟುವ ಅಂಜಿಕೆ

ಓದುಗರ ಸಂಗೀತ ಪ್ರಶ್ನೋತ್ತರ

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷ ಹಾರ್ಮೋನಿಯಂ ಕಲಿತು, ಈಗ 61 ಕೀಲಿಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ನುಡಿಸುತ್ತಾಳೆ. ಅಕ್ಟೋಬರ್ 31ರ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಹ್ಯಾಲೋವೀನ್ ಮಾಡುವವರಿದ್ದಾರೆ. ಕೇಳಿದರೆ ಅಂಜಿಕೆ ಬರುವಂಥ ಪಿಯಾನೊ ಸಂಗೀತ ನುಡಿಸುವ ಕೆಲಸ ಇವಳ ಪಾಲಿಗೆ ಬಂದಿದೆ. ಅವಳಿಗೆ ಸರ್ಗಮ್ ಗೊತ್ತು, ಪಾಶ್ಚಾತ್ಯ ಸ್ವರಲಿಪಿ ಗೊತ್ತಿಲ್ಲ. ಏನನ್ನು ನುಡಿಸಬಹುದು?
(ಓದುಗರು, ಟಿಳಕವಾಡಿ, ಬೆಳಗಾವಿ)

ಉತ್ತರ: ನಿಮ್ಮ ಮಗಳಿಗೆ ಸರ್ಗಮ್ ಬರುತ್ತದೆ ಎಂಬುದೇ ಈ ಕೆಲಸಕ್ಕೆ ಸಾಕಾದಷ್ಟು ಬಂಡವಾಳ. ಹೆದರಿಸುವ ಸಂಗೀತಕ್ಕೆ ಬೆರಳುಗಳ ಚುರುಕಿಗಿಂತ ಕಡಿಮೆ ಸ್ವರ, ಬಿಡದ ಪುನರಾವರ್ತನೆ ಮತ್ತು ಹದವರಿತ ಮೌನ ಹೆಚ್ಚು ಬೇಕು.

ಮೊದಲು 1978ರ ‘ಹ್ಯಾಲೋವೀನ್’ ಚಲನಚಿತ್ರದ ಪಿಯಾನೊ ಧಾಟಿಯನ್ನು ತೆಗೆದುಕೊಳ್ಳಲಿ. ಚಿತ್ರದ ನಿರ್ದೇಶಕ ಜಾನ್ ಕಾರ್ಪೆಂಟರ್ ಅವರೇ ಅದನ್ನು ರಚಿಸಿದರು. ಅದರ ಐದು ಎಣಿಕೆಯ ಲಯವನ್ನು ಅವರು ಚಿಕ್ಕವರಿದ್ದಾಗ ಅವರ ತಂದೆ ಬೊಂಗೊ ವಾದ್ಯದ ಮೇಲೆ ಕಲಿಸಿದ್ದರು. ಕಪ್ಪು ಮೂರನ್ನು, ಅಂದರೆ ಸಪ್ತಕದಲ್ಲಿ ಎಡದಿಂದ ಮೂರನೆಯ ಕಪ್ಪು ಕೀಲಿಯನ್ನು, ಷಡ್ಜ (ಸ) ಮಾಡಿಕೊಂಡು ‘ಪ ಸ ಸ, ಪ ಸ ಸ, ಪ ಸ, ಧ ಸ’ ಎಂದು ನುಡಿಸಿದರೆ ಅದರ ಮುಖ್ಯ ಆಕೃತಿ ಕೈಗೆ ಬರುತ್ತದೆ. ಇಲ್ಲಿ ಧೈವತ ಕೋಮಲವಾಗಿ (ಅರ್ಧ ಸ್ವರ ಇಳಿದು) ಇರಬೇಕು, ಪಂಚಮ ಮತ್ತು ಧೈವತಗಳು ಷಡ್ಜದ ಮೇಲಿರಬೇಕು. ಐದು ಎಣಿಕೆಯಲ್ಲಿ ಒಂದೊಂದಕ್ಕೂ ಎರಡೆರಡು ಸ್ವರ; ಎಣಿಸಿ ನೋಡಿದರೆ ಸರಿಯಾಗಿ ಹತ್ತು ಮಾತ್ರೆ. ನಮ್ಮ ಝಪತಾಲವೂ ಹತ್ತು ಮಾತ್ರೆಯದೇ. ಆದರೆ ಅಲ್ಲಿ ವಿಭಾಗ ಎರಡು, ಮೂರು, ಎರಡು, ಮೂರು ಎಂದು ಬರುತ್ತದೆ, ಇಲ್ಲಿ ಮೂರು, ಮೂರು, ಎರಡು, ಎರಡು ಎಂದು ಬರುತ್ತದೆ. ನಾಲ್ಕರ ನಡಿಗೆಗೆ ಒಗ್ಗಿದ ಕೇಳುಗನ ಕಾಲು ಸಮ್ (ತಾಳದ ಮೊದಲ ಮಾತ್ರೆ) ಎಲ್ಲಿದೆಯೆಂದು ಹುಡುಕುತ್ತಿರುವಾಗಲೇ ಆವರ್ತನ ಮುಗಿದು ಹೊಸದು ಮೊದಲಾಗಿರುತ್ತದೆ, ಅಂಜಿಕೆ ಹುಟ್ಟುವುದು ಈ ಎಡವುವಿಕೆಯಿಂದ. ಮನೆಯಲ್ಲಿ ತಬಲಾ ಬಲ್ಲವರಿದ್ದರೆ ಮೊದಲು ಬೋಲ್ (ತಬಲಾದ ಪಾಠಾಕ್ಷರ) ಹೇಳಿಸಿ, ನಂತರ ಕೀಲಿಗೆ ಕೈ ಹಾಕಿಸಿರಿ.

ಎರಡನೆಯದು ನಾರ್ವೆಯ ಎಡ್ವರ್ಡ್ ಗ್ರೀಗ್ ಅವರು ಇಬ್ಸೆನ್ನರ ‘ಪೇರ್ ಗಿಂಟ್’ ನಾಟಕಕ್ಕಾಗಿ ಬರೆದ, 1876ರಲ್ಲಿ ರಂಗವೇರಿದ, ಬೆಟ್ಟದ ರಾಜನ ಸಭೆಯ ಸಂಗೀತ. ‘ಸ ರಿ ಗ ಮ ಪ ಗ ಪ’ ಎಂದು ಅದು ಅಲಂಕಾರದ ಪಾಠದಂತೆ ಮೊದಲಾಗುತ್ತದೆ. ಗಾಂಧಾರ ಮಾತ್ರ ಕೋಮಲ. ಆಮೇಲೆ ತೀವ್ರ (ಅರ್ಧ ಸ್ವರ ಏರಿದ) ಮಧ್ಯಮ, ಶುದ್ಧ ರಿಷಭ, ಮತ್ತೆ ತೀವ್ರ ಮಧ್ಯಮ; ಅದರ ಬೆನ್ನಿಗೇ ಶುದ್ಧ ಮಧ್ಯಮ, ಕೋಮಲ ರಿಷಭ, ಮತ್ತೆ ಶುದ್ಧ ಮಧ್ಯಮ. ಎರಡು ಮಧ್ಯಮಗಳು ಲಲಿತ್ ರಾಗದಲ್ಲಿ ನಮಗೆ ಪರಿಚಿತವೇ. ಆದರೆ ಎರಡು ರಿಷಭಗಳನ್ನೂ ಜೊತೆಗೆ ಸೇರಿಸಿ ಇಡೀ ಸ್ವರಸಮೂಹವನ್ನು ಅರ್ಧ ಸ್ವರ ಕೆಳಗೆ ಜಾರಿಸಿದಾಗ, ರಾಗ ಕೇಳಿ ಬೆಳೆದ ಕಿವಿಗೆ ಕಾಲ ಕೆಳಗಿನ ಹಲಗೆ ಸರಿದಂತಾಗುತ್ತದೆ. ಬಿಳಿ ಆರರಿಂದ ನುಡಿಸಿದರೆ ಮಕ್ಕಳ ಕೈಗೆ ಸುಲಭ. ವಿಲಂಬಿತದಲ್ಲಿ, ಮಂದ್ರದಲ್ಲಿ, ಕಳ್ಳಹೆಜ್ಜೆಯಂತೆ ಆರಂಭಿಸಿ, ಪ್ರತಿ ಸುತ್ತಿಗೂ ಲಯವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಧ್ವನಿ ಒಂದೇ ಆಗಿರುತ್ತದೆ. ಆದ್ದರಿಂದ ನಾದದ ಏರಿಕೆಯನ್ನು ಬಿಟ್ಟು ಲಯದ ಏರಿಕೆಯನ್ನೇ ನಂಬುವುದು ಜಾಣತನ.

ಇನ್ನೂ ಸರಳವಾದದ್ದು ಬೇಕಿದ್ದರೆ, ಹಂಗೇರಿಯ ಜ್ಯೋರ್ಜ್ ಲಿಗೆಟಿ ಅವರು 1951ರಿಂದ 1953ರ ನಡುವೆ ಬರೆದ ‘ಮ್ಯೂಸಿಕಾ ರಿಚೆರ್ಕಾಟಾ’ದ ಎರಡನೆಯ ರಚನೆಯಲ್ಲಿ ಇರುವುದು ಮೂರೇ ಸ್ವರಗಳು: ಬಿಳಿ ನಾಲ್ಕು, ಕಪ್ಪು ಮೂರು, ಬಿಳಿ ಐದು. ಅಕ್ಕಪಕ್ಕದ ಮೂರು ಕೀಲಿಗಳು! ಬಹಳ ಹೊತ್ತು ಮೊದಲ ಎರಡೇ ಸ್ವರಗಳು ಬೇರೆ ಬೇರೆ ಸಪ್ತಕಗಳಲ್ಲಿ ಹೆಜ್ಜೆ ಹಾಕುತ್ತಿರುತ್ತವೆ. ಮೂರನೆಯದು ತಡವಾಗಿ, ಬಾಗಿಲು ಬಡಿದಂತೆ, ಒಂದೇ ಕೀಲಿಯ ಮೇಲೆ ಪೆಟ್ಟಿನ ಮೇಲೆ ಪೆಟ್ಟಾಗಿ ಬಂದು ಬೀಳುತ್ತದೆ. ಪೂರ್ತಿ ರಚನೆ ಬಾರದಿದ್ದರೂ ಚಿಂತೆಯಿಲ್ಲ, ಈ ಉಪಾಯವನ್ನು ಮಗು ತನ್ನದಾಗಿಸಿಕೊಳ್ಳಬಹುದು.

ಜರ್ಮನಿಯ ಸಂಗೀತಕಾರ ಬಾಖ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ, ಡಿ ಮೈನರ್ ಶ್ರುತಿಯ ‘ಟೊಕಾಟಾ ಮತ್ತು ಫ್ಯೂಗ್’ ಮೂಲತಃ ಆರ್ಗನ್ ವಾದ್ಯದ್ದು. ಕೀಬೋರ್ಡಿನಲ್ಲಿ ಚರ್ಚ್ ಆರ್ಗನ್ ಧ್ವನಿಯನ್ನು ಆಯ್ದು, ಬಿಳಿ ಎರಡನ್ನು ಷಡ್ಜ ಮಾಡಿ, ‘ಪ ಮ ಪ’ ಎಂದು ಎರಡೂ ಕೈಗಳಿಂದ ಒಂದು ಸಪ್ತಕದ ಅಂತರದಲ್ಲಿ ನುಡಿಸಿ ನಿಲ್ಲಲಿ. ಅನಂತರ ‘ಮ ಗ ರಿ ಸ ನಿ’ ಎಂದು ಇಳಿದು ಷಡ್ಜಕ್ಕೆ ಬರಲಿ. ಗಾಂಧಾರ ಕೋಮಲ, ನಿಷಾದ ಶುದ್ಧ. ‘ಪ ಮ ಪ’ ಆದ ಮೇಲಿನ ಮೌನವನ್ನು ಮಕ್ಕಳು ಯಾವಾಗಲೂ ಬೇಗ ಮುರಿಯುತ್ತಾರೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಲು ಹೇಳಿರಿ.

ಪ್ರಶ್ನೆ: ಮೂವತ್ತು ವರ್ಷಗಳಿಂದ ಭಜನೆಗೆ ಹಾರ್ಮೋನಿಯಂ ಸಾಥ್ ಮಾಡುತ್ತಿದ್ದೇನೆ. ಷಡ್ಜ ಮತ್ತು ತೀವ್ರ ಮಧ್ಯಮದ ಜೋಡಿಯನ್ನು ಪಾಶ್ಚಾತ್ಯರು ದೆವ್ವದ ಸ್ವರವೆನ್ನುತ್ತಾರೆ, ಚರ್ಚು ಅದನ್ನು ನಿಷೇಧಿಸಿತ್ತು ಎಂದು ಕೇಳಿದೆ. ಯಮನ್ ಹಾಡುವಾಗ ನಮಗೇಕೆ ದೆವ್ವ ಕಾಣುವುದಿಲ್ಲ? ಕೀಲಿಗಳು ಅವೇ ಆಗಿದ್ದರೂ ಪಿಯಾನೊ ಹೆದರಿಸುತ್ತದೆ, ಹಾರ್ಮೋನಿಯಂ ಹೆದರಿಸುವುದಿಲ್ಲ, ಇದು ಯಾವ ಕಾರಣಕ್ಕೆ?
(ಓದುಗರು, ವಿಜಯಪುರ)

ಉತ್ತರ: ಚರ್ಚು ನಿಷೇಧಿಸಿತ್ತೆಂಬ ಕಥೆಗೆ ಆಧಾರವಿಲ್ಲ. ಹಾಡಲು ಕಷ್ಟವಾದ ಆ ಅಂತರವನ್ನು ಗಾಯನದಲ್ಲಿ ತಪ್ಪಿಸಬೇಕೆಂಬ ನಿಯಮಗಳಿದ್ದವು. ದೆವ್ವದ ಹೆಸರು ಲಿಖಿತವಾಗಿ ಕಾಣುವುದು 18ನೇ ಶತಮಾನದ ಆರಂಭದ ಸಂಗೀತ ಗ್ರಂಥಗಳಲ್ಲಿ.

ಯಮನ್ ರಾಗದಲ್ಲಿ ತೀವ್ರ ಮಧ್ಯಮವು ಪಂಚಮದ ಕಡೆಗೋ ಗಾಂಧಾರದ ಕಡೆಗೋ ಒಲಿದಿರುತ್ತದೆ, ಹಿಂದೆ ತಂಬೂರಿ ಷಡ್ಜವನ್ನು ಬಿಡದೆ ಹಿಡಿದಿರುತ್ತದೆ. ಹೀಗಾಗಿ ಅದು ಮನೆಯ ಹೊಸ್ತಿಲಲ್ಲಿ ನಿಂತ ಸ್ವರ. ಫ್ರಾನ್ಸಿನ ಕಮೀಲ್ ಸ್ಯಾಂ-ಸಾನ್ಸ್ ಅವರ ‘ದಾನ್ಸ್ ಮಕಾಬ್ರ್’ ಎಂಬ 1874ರ ಕೃತಿಯಲ್ಲಿ ಇದೇ ಅಂತರವನ್ನು ಹೇಗೆ ಬಳಸಲಾಗಿದೆ ನೋಡಿರಿ. ಮೊದಲು ಹಾರ್ಪ್ ವಾದ್ಯವು ಒಂದೇ ಸ್ವರವನ್ನು ಹನ್ನೆರಡು ಸಲ ಮೀಟಿ ನಡುರಾತ್ರಿಯ ಗಂಟೆ ಹೊಡೆಯುತ್ತದೆ. ಅನಂತರ ಮೃತ್ಯುವಿನ ಪಾತ್ರ ವಹಿಸಿದ ಪಿಟೀಲು, ತನ್ನ ಮೇಲಿನ ತಂತಿಯನ್ನು ಅರ್ಧ ಸ್ವರ ಇಳಿಸಿಕೊಂಡು, ಆ ಎರಡು ಸ್ವರಗಳನ್ನು ಏಕಕಾಲಕ್ಕೆ, ಯಾವ ಆಸರೆಯೂ ಇಲ್ಲದೆ ಉಜ್ಜುತ್ತದೆ. ಒಂದಾದ ಮೇಲೊಂದು ಬಂದರೆ ರಾಗ, ಬೆತ್ತಲೆಯಾಗಿ ಒಟ್ಟಿಗೆ ಬಂದರೆ ದಿಗಿಲು. ಈ ಕೃತಿಯನ್ನು ಹಂಗೇರಿಯ ಪಿಯಾನೊ ವಾದಕ, ರಚನಕಾರ ಲಿಸ್ಟ್ ಅವರು 1876ರಲ್ಲಿ ಪಿಯಾನೊಗೆ ಅಳವಡಿಸಿದರು. ಅದು ನುರಿತವರ ಪಾಲಿನದು.

ವಾದ್ಯದ ವಿಷಯಕ್ಕೆ ಬಂದರೆ, ಹಾರ್ಮೋನಿಯಂ ಉಸಿರಾಡುವ ವಾದ್ಯ: ತಿದಿ ಒತ್ತುತ್ತಿರುವಷ್ಟು ಹೊತ್ತೂ ಸ್ವರ ನಿಲ್ಲದೆ ಮೊಳಗುತ್ತಿರುತ್ತದೆ, ಹಾಡುವವರ ದನಿಗೆ ಹೆಗಲು ಕೊಡುತ್ತದೆ. ಬೆಳಗಾವಿಯಲ್ಲಿ ನೆಲೆಸಿದ್ದ ಪಂಡಿತ ರಾಮಭಾವು ವಿಜಾಪುರೆ ಅವರ ಸಾಥ್ ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಪಿಯಾನೊದಲ್ಲಿ ಉಣ್ಣೆಯ ಸುತ್ತಿಗೆಯೊಂದು ತಂತಿಗೆ ಬಡಿದು ಕೂಡಲೇ ಹಿಂದೆ ಸರಿಯುತ್ತದೆ. ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ, ನುಡಿಸುವವರು ಏನು ಮಾಡಿದರೂ ಅದನ್ನು ಮತ್ತೆ ಹಿಗ್ಗಿಸಲಾರರು. ಬಲಗಾಲಿನ ಪೆಡಲ್ ಒತ್ತಿದಾಗ ತಂತಿಗಳನ್ನು ತಡೆದಿದ್ದ ಮೆತ್ತೆಗಳೆಲ್ಲ ಮೇಲೆದ್ದು, ಬಾರಿಸದ ತಂತಿಗಳೂ ಮಿಡಿಯತೊಡಗುತ್ತವೆ. ನಿಮ್ಮೂರಿನ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಉತ್ತರ ಕೊಡುತ್ತಿರುವವರು ಯಾರೆಂದು ತಿರುಗಿ ನೋಡಿದ ಅನುಭವ ನಿಮಗಿರಬೇಕು. ಪೆಡಲಿನ ಪರಿಣಾಮ ಅದಕ್ಕೆ ಹತ್ತಿರವಾದದ್ದು.

ಪ್ರಶ್ನೆ: ನನಗೆ ನುಡಿಸಲು ಬಾರದು, ಕೇಳುವ ಆಸೆಯಿದೆ. ರಾತ್ರಿ ದೀಪ ಆರಿಸಿ ಒಬ್ಬನೇ ಕೇಳಲು ಪಿಯಾನೊ ಕೃತಿಗಳನ್ನು ಸೂಚಿಸಿರಿ.
(ಓದುಗರು, ನವನಗರ, ಬಾಗಲಕೋಟೆ)

ಉತ್ತರ: ಫ್ರಾನ್ಸಿನ ರಚನಕಾರ ರವೆಲ್ ಅವರ 1908ರ ‘ಗಾಸ್ಪಾರ್ ದ ಲಾ ನ್ವಿ’ಯ ನಡುವಿನ ಭಾಗ ‘ಲ ಜಿಬೆ’, ಅಂದರೆ ಗಲ್ಲುಗಂಬ. ದೂರದ ಊರಿನ ಗಂಟೆಯಂತೆ ಒಂದೇ ಸ್ವರ ಮೊದಲಿನಿಂದ ಕೊನೆಯವರೆಗೂ ಮೊಳಗುತ್ತಿರುತ್ತದೆ, ಅದರ ಸುತ್ತ ಉಳಿದ ಸ್ವರಗಳು ಬಂದು ಹೋಗುತ್ತವೆ. ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಕಾಡುವ ಪಿಯಾನೊ ಸಂಗೀತವಿಲ್ಲ.

ಪೋಲೆಂಡಿನ ಶೋಪಾನ್ ಅವರ ಎರಡನೆಯ ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ) ಶವಯಾತ್ರೆಯ ನಡೆ ಎಲ್ಲರಿಗೂ ಪರಿಚಿತ. ಅದರ ನಂತರ ಬರುವ ಕೊನೆಯ ಭಾಗವನ್ನು ತಪ್ಪದೆ ಕೇಳಿರಿ. ಎರಡೂ ಕೈಗಳು ಅವೇ ಸ್ವರಗಳನ್ನು ತಗ್ಗುದನಿಯಲ್ಲಿ, ಗಾಳಿ ಬೀಸಿದಂತೆ ನುಡಿಸುತ್ತ, ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿದೇಹೋಗುತ್ತವೆ. ಲಿಸ್ಟ್ ಅವರ ‘ಟೋಟೆನ್‌ಟಾನ್ಸ್’ ಪಿಯಾನೊ ಮತ್ತು ವಾದ್ಯವೃಂದದ ಅಬ್ಬರದ ಕೃತಿ. ಅದರ ಬೀಜ ‘ದೀಯೆಸ್ ಇರೇ’ ಎಂಬ ಮಧ್ಯಯುಗದ ಚರ್ಚ್ ಗೀತೆ, ಮೃತರ ಪೂಜಾವಿಧಿಯದು. ‘ಗ ರಿ ಗ ಸ’ ಎಂಬ ಅದರ ಮೊದಲ ನಾಲ್ಕು ಸ್ವರಗಳನ್ನು, ಗಾಂಧಾರವನ್ನು ಕೋಮಲವಾಗಿಟ್ಟು ಗುನುಗಿಕೊಂಡರೆ, ಎಷ್ಟೋ ಭಯದ ಚಿತ್ರಗಳ ಹಿನ್ನೆಲೆಯಲ್ಲಿ ಅದು ಅಡಗಿ ಕುಳಿತಿರುವುದು ತಿಳಿಯುತ್ತದೆ. ಹ್ಯಾಲೋವೀನ್ ಆದ ಎರಡನೆಯ ದಿನ, ನವೆಂಬರ್ 2, ಕ್ಯಾಥೊಲಿಕರಿಗೆ ಮೃತರ ಸ್ಮರಣೆಯ ದಿನವಾದ್ದರಿಂದ ಈ ಗೀತೆಗೂ ಆ ರಾತ್ರಿಗೂ ನಂಟು ದೂರದ್ದೇನಲ್ಲ.

ಕೊನೆಗೆ ಅಮೆರಿಕದ ಹೆನ್ರಿ ಕವೆಲ್ ಅವರ 1925ರ ‘ದ ಬ್ಯಾನ್‌ಶೀ’. ಸಾವನ್ನು ಮುಂಚಿತವಾಗಿ ಸಾರುತ್ತ ಅಳುವ ಐರ್ಲೆಂಡಿನ ಹೆಣ್ಣು ಭೂತದ ಹೆಸರು ಅದು. ಇದರಲ್ಲಿ ಕೀಲಿಗಳನ್ನು ಮುಟ್ಟುವುದೇ ಇಲ್ಲ. ಒಬ್ಬರು ಪೆಡಲ್ ಒತ್ತಿ ಕುಳಿತರೆ, ಇನ್ನೊಬ್ಬರು ಪಿಯಾನೊದ ಬಾಗಿದ ಬದಿಯಲ್ಲಿ ನಿಂತು, ಒಳಗಿನ ತಂತಿಗಳನ್ನು ಬೆರಳಿನಿಂದ ಸವರುತ್ತಾರೆ, ಮೀಟುತ್ತಾರೆ, ಉಗುರಿನಿಂದ ಗೀರುತ್ತಾರೆ. ಕೇಳಿದವರು ಅದನ್ನು ಪಿಯಾನೊ ಎಂದು ನಂಬುವುದು ಕಷ್ಟ. ಇದನ್ನು ಓದಿ ಯಾರೂ ಶಾಲೆಯ ಪಿಯಾನೊದ ಮುಚ್ಚಳ ಎತ್ತಬಾರದೆಂದು ವಿನಂತಿ. ಬೆರಳಿನ ಬೆವರು ಅಂಟಿದ ತಂತಿ ತುಕ್ಕು ಹಿಡಿಯುತ್ತದೆ.